ಬಾನೆಟ್ಟಿನ ಮೇಲಿನ ಏಳು

ರಾಯಚೂರಿನ ಹಳೆಯ ಜೀಪ್ ಡ್ರೈವರುಗಳ ಮುಂದೆ ಒಮ್ಮೆ ‘ಏಳು’ ಎಂದು ಹೇಳಿ ನೋಡಿ. ಚಹಾ ಕುಡಿಯುತ್ತಿದ್ದವನು ಬಸಿ ಕೆಳಗಿಡುತ್ತಾನೆ. ಬೀಡಿ ಹಚ್ಚಲು ಹೊರಟವನು ಕಡ್ಡಿ ಆರಿಸುತ್ತಾನೆ. ಸೀಮೆಸುಣ್ಣದಲ್ಲಿ ಬಾನೆಟ್ಟಿನ ಮೇಲೆ ಬರೆದ ಆ ಒಂದು ಅಂಕಿ ನಮ್ಮಲ್ಲಿ ಎಷ್ಟೋ ಜನರ ಹೊಟ್ಟೆಯ ಮೇಲೆ ಹೊಡೆದಿದೆ. ಅದನ್ನು ಬರೆಯುತ್ತಿದ್ದ ಕೈ ಮೊನ್ನೆ ಮಾನ್ವಿಯಲ್ಲಿ ಮಣ್ಣು ಸೇರಿತು.

ಸುದ್ದಿ ತಂದವನು ಕೊಟ್ನೆಕಲ್. ಅದು ಅವನ ಹೆಸರಲ್ಲ, ಊರು. ಹಿರೇಕೊಟ್ನೆಕಲ್‌ನಲ್ಲಿ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ನನ್ನ ಇಲಾಖೆಯಲ್ಲೇ ನನಗಿಂತ ನಾಲ್ಕು ವರ್ಷ ಮೊದಲು ಡ್ರೈವರ್ ಆಗಿ ಸೇರಿದವನು. ಅವನು ನನ್ನನ್ನು ‘ಮಸರಕಲ್’ ಎಂದೇ ಕರೆಯುತ್ತಾನೆ. ಊರ ಹೆಸರಿನಿಂದ ಕರೆಯುವ ಈ ಚಟ ನಮಗೆ ಹಚ್ಚಿದವರೇ ಆ ಏಳು ಬರೆಯುತ್ತಿದ್ದ ಗ್ಯಾರೇಜಿನ ಉಸ್ತಾದರು. ಅವರಿಗೆ ನಮ್ಮ ಹೆಸರುಗಳು ಬೇಕಿರಲಿಲ್ಲ. ನಮ್ಮ ಹೆಸರು ತಿಳಿದುಕೊಂಡು ಅವರಿಗೇನಾಗಬೇಕಿತ್ತು?

“ಉಸ್ತಾದ್ ಹೋದನಂತಲೇ,” ಎಂದ ಕೊಟ್ನೆಕಲ್.

“ಹೋಗ್ಲಿ ಬಿಡು,” ಎಂದೆ ನಾನು. ಆಮೇಲೆ ಇಡೀ ದಿನ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ.

ಗ್ಯಾರೇಜು ಇದ್ದದ್ದು ರಾಯಚೂರಿನ ಸ್ಟೇಷನ್ ಕಡೆಯ ಒಂದು ಗಲ್ಲಿಯಲ್ಲಿ. ತಗಡಿನ ಶೆಡ್ಡು, ಮುಂದೊಂದು ಬೇವಿನ ಮರ, ಮರದ ಕೆಳಗೆ ಬೋರಲು ಹಾಕಿದ ಎಂಜಿನ್ ಆಯಿಲ್ ಡಬ್ಬಿ. ಆ ಡಬ್ಬಿಯೇ ಉಸ್ತಾದರ ಗಾದಿ. ಬಿಳಿ ಪೈಜಾಮ, ಬಿಳಿ ಅಂಗಿ, ಎರಡಕ್ಕೂ ಒಂದು ಚುಕ್ಕೆ ಎಣ್ಣೆ ಹತ್ತಿದ್ದನ್ನು ಕಂಡವರಿಲ್ಲ. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಬಲಗಿವಿಯ ಮೇಲೆ ಒಂದು ತುಂಡು ಸೀಮೆಸುಣ್ಣ. ಕಿವಿಯ ಅಂಚು ಸದಾ ಬೆಳ್ಳಗೆ. “ಕೈಗೆ ಗ್ರೀಸ್ ಹತ್ತಿದಂವ ಫಿಟ್ಟರ್. ಕಿವಿಗೆ ಸುಣ್ಣ ಹತ್ತಿದಂವ ಉಸ್ತಾದ್,” ಎನ್ನುತ್ತಿದ್ದರು.

ಅವರ ಪದ್ಧತಿ ಹೀಗಿತ್ತು. ಗಾಡಿ ಗೇಟಿನೊಳಗೆ ಬರಬೇಕು, ಮರದ ಮುಂದೆ ಎಂಜಿನ್ ಚಾಲೂ ಇಟ್ಟು ನಿಲ್ಲಬೇಕು. ಡ್ರೈವರ್ ಬಾಯಿ ತೆಗೆಯುವಂತಿಲ್ಲ. ಉಸ್ತಾದರು ಕಣ್ಣು ಮುಚ್ಚುತ್ತಿದ್ದರು. ಒಂದು ಬಸಿ ಚಹಾ ಮುಗಿಯುವಷ್ಟು ಹೊತ್ತು ಕೇಳುತ್ತಿದ್ದರು. ಎದ್ದು ಬಂದು ಬಾನೆಟ್ಟಿನ ಮೇಲೆ ಒಂದು ಅಂಕಿ ಬರೆದು ಮತ್ತೆ ಹೋಗಿ ಕೂಡುತ್ತಿದ್ದರು. ಬಾನೆಟ್ಟು ತೆಗೆಯುವುದು ಫಿಟ್ಟರುಗಳ ಕೆಲಸ. ಒಂದು ಎಂದರೆ ಪೆಟ್ರೋಲು ಬರುತ್ತಿಲ್ಲ. ಎರಡು ಎಂದರೆ ಪ್ಲಗ್ಗು. ಮೂರು ಎಂದರೆ ಕಿಡಿ ಕೊಡುವ ಪಾಯಿಂಟು, ನಾಲ್ಕು ನೀರು, ಐದು ವಾಲ್ವು, ಆರು ಬೇರಿಂಗು. ಗ್ಯಾರೇಜಿನ ಫಿಟ್ಟರುಗಳಿಗೆ ಓದು ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಅಂಕಿ ನೋಡಿ ಸ್ಪ್ಯಾನರ್ ಹಿಡಿಯುತ್ತಿದ್ದರು. ಅಂಕಿ ತಪ್ಪಿದ್ದನ್ನು ಆ ಕಾಲದಲ್ಲಿ ನಾನು ನೋಡಲಿಲ್ಲ.

ಏಳು ಎಂದರೆ ಡ್ರೈವರ್.

“ಗಾಡಿಗೆ ಆರು ರೋಗ ಅದಾವ,” ಎನ್ನುತ್ತಿದ್ದರು ಉಸ್ತಾದರು. “ಏಳನೇದು ಸೀಟಿನ ಮ್ಯಾಲ ಕುಂತಿರ್ತದ.”

ಅವರ ಕಿವಿಯ ಕಥೆಗಳು ನೂರು. ಒಂದನ್ನಂತೂ ಹೇಳಲೇಬೇಕು, ಯಾಕೆಂದರೆ ಮುಂದೆ ಆದದ್ದಕ್ಕೆ ಬೀಜ ಬಿದ್ದದ್ದು ಅಲ್ಲೇ ಇರಬಹುದು. ಊರಿನ ಒಬ್ಬ ಡಾಕ್ಟರರ ಕಾರು ನಾಲ್ಕು ಮೈಲಿ ಓಡಿದರೆ ನಿಲ್ಲುತ್ತಿತ್ತು, ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಮತ್ತೆ ಓಡುತ್ತಿತ್ತು. ಇನ್ನೊಂದು ಗ್ಯಾರೇಜಿನವನು ಎಂಜಿನ್ನನ್ನೇ ಇಳಿಸಿ ಹಾಕಿದ್ದ, ಗುಣವಾಗಲಿಲ್ಲ. ಉಸ್ತಾದರು ಕಾರಿನಲ್ಲಿ ಕೂತು ಕಲ್ಮಲದ ದಾರಿ ಹಿಡಿಸಿದರು. ಕಾರು ಕೆಮ್ಮಿ ಕೆಮ್ಮಿ ನಿಂತಿತು. “ಉರದು ಸಾಯೋ ಎಂಜಿನ್ ಬ್ಯಾರೆ, ನೀರಡಿಸಿ ಸಾಯೋದು ಬ್ಯಾರೆ. ಇದು ನೀರಡಿಸಿ ಸತ್ತದ. ಟಾಕಿ ಬಿಚ್ಚರಿ,” ಎಂದರು. ಪೆಟ್ರೋಲ್ ಟಾಕಿಯೊಳಗೆ ಒಂದು ಅರಿವೆ ತುಂಡು. ಆ ಗ್ಯಾರೇಜಿನವನೇ ಒರೆಸಲು ಹೋಗಿ ಒಳಗೆ ಮರೆತದ್ದು. ಕಾರು ಓಡುವಾಗ ಪೆಟ್ರೋಲಿನ ಎಳೆತಕ್ಕೆ ಅರಿವೆ ಬಂದು ಕೊಳವೆಯ ಬಾಯಿ ಮುಚ್ಚುತ್ತಿತ್ತು, ನಿಂತರೆ ಬಿಡುತ್ತಿತ್ತು.

ಅಲ್ಲಿಗೆ ಮುಗಿಸಬಹುದಿತ್ತು. ಉಸ್ತಾದರು ಮುಗಿಸಲಿಲ್ಲ. ಆ ಒದ್ದೆ ಅರಿವೆಯನ್ನು ಒಂದು ಕೋಲಿಗೆ ಸಿಕ್ಕಿಸಿಕೊಂಡು, ಬಿಳಿ ಪೈಜಾಮ ಎತ್ತಿ ಹಿಡಿದು, ಹಾಡಹಗಲು ಬಜಾರಿನ ನಡುವೆ ನಡೆದು ಹೋದರು. ಆ ಮನುಷ್ಯನ ಗ್ಯಾರೇಜಿನ ಬಾಗಿಲಿಗೆ ತೋರಣದಂತೆ ಕಟ್ಟಿದರು. “ನಿನ್ನ ಸಾಮಾನು ಉಳದಿತ್ತು ನೋಡಪಾ,” ಎಂದರು. ಹಿಂದೆ ಹೋಗಿದ್ದ ನಾವು ಇಪ್ಪತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನುಷ್ಯ ಒಂದು ತಿಂಗಳಲ್ಲಿ ಊರು ಬಿಟ್ಟ. ನಕ್ಕವರಲ್ಲಿ ನಾನೂ ಇದ್ದೆ ಎಂದು ಈಗ ಹೇಳುತ್ತಿದ್ದೇನೆ, ಆಗ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ.

ನನ್ನ ಕಥೆಗೆ ಬರುತ್ತೇನೆ. ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದ ಒಂದು ಕಚೇರಿಗೆ ನಾನು ದಿನಗೂಲಿ ಡ್ರೈವರ್ ಆಗಿ ಸೇರಿದೆ. ಯಾವ ಕಚೇರಿ ಎಂದು ಕೇಳಬೇಡಿ, ಹೇಳುವುದಿಲ್ಲ. ಮಸರಕಲ್‌ನ ನಮ್ಮ ಓಣಿಯಲ್ಲಿ ಸ್ಟೇರಿಂಗ್ ಹಿಡಿದವನು ನಾನೇ ಮೊದಲು. ನಮ್ಮಪ್ಪ ಊರ ದೊಡ್ಡವರ ಕಟ್ಟೆಯ ಮುಂದೆ ಹೋಗುವಾಗ ಮೆಟ್ಟು ಕೈಯಲ್ಲಿ ಹಿಡಿದು ಹೋಗುತ್ತಿದ್ದ. ನಾನು ಅದೇ ಕಟ್ಟೆಯ ಮುಂದೆ ಬೂಟು ಹಾಕಿಕೊಂಡು ಸರ್ಕಾರಿ ಜೀಪಿನಲ್ಲಿ ಕೂತು ಹೋಗುತ್ತಿದ್ದೆ. ಆ ಬೂಟು ಕಾಲಲ್ಲಿ ಉಳಿಯಬೇಕಾದರೆ ನೌಕರಿ ಖಾಯಂ ಆಗಬೇಕಿತ್ತು. ಊರಿಗೆ ಹೋದಾಗಲೆಲ್ಲ ಅವ್ವ ಕೈಗೆ ನೀರು ಕೊಡುವ ಮೊದಲೇ ಕೇಳುತ್ತಿದ್ದಳು: “ಖಾಯಂ ಆತೇನಪಾ?”

ಖಾಯಂ ಮಾಡುವುದು ಸಾಹೇಬರ ಕೈಯಲ್ಲಿತ್ತು. ಸಾಹೇಬರು ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ, ಆದರೆ ಎಂಜಿನ್ ಎಂದರೆ ಏನೆಂದು ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಅಂಕಿಯ ಮೇಲೆ ಬಲು ನಂಬಿಕೆ. ಉಸ್ತಾದರು ಬರೆದ ಅಂಕಿಯನ್ನು ಗಾಡಿಯ ಲಾಗ್ ಬುಕ್ಕಿನಲ್ಲಿ ತಾವೇ ಕೆಂಪು ಶಾಯಿಯಲ್ಲಿ ಬರೆದುಕೊಳ್ಳುತ್ತಿದ್ದರು. ದಿನಗೂಲಿ ಡ್ರೈವರಿಗೆ ಮೂರು ಸಲ ಏಳು ಬಿದ್ದರೆ ಮನೆಗೆ. ಇದು ಯಾವ ಸರ್ಕಾರದ ಕಾನೂನೂ ಅಲ್ಲ, ಸಾಹೇಬರೇ ಮಾಡಿಕೊಂಡ ಕಾನೂನು.

ಸೇರಿದ ಆರು ತಿಂಗಳಿಗೆ ನನ್ನ ಜೀಪು ಏರು ಹತ್ತುವಾಗ ಎಂಜಿನ್ ಕೂಗುತ್ತಿತ್ತೇ ಹೊರತು ಗಾಲಿ ಎಳೆಯುತ್ತಿರಲಿಲ್ಲ. ರಾಯಚೂರಿಗೆ ತಂದೆ. ಉಸ್ತಾದರು ನನ್ನಿಂದ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿದರು. ಕಣ್ಣು ಮುಚ್ಚಿ ಕೇಳಿದರು. ಎದ್ದು ಬಂದು ಫಿಟ್ಟರುಗಳಿಗೆ “ಕ್ಲಚ್ ಪ್ಲೇಟ್ ತಿಂದು ಹಾಕ್ಯಾನ, ಬದಲಿ ಮಾಡ್ರಿ,” ಎಂದರು. ಬಾನೆಟ್ಟಿನ ಮೇಲೆ ಏಳು ಬರೆದರು.

“ಉಸ್ತಾದ್,” ಎಂದೆ. “ನಾ ಏನು ತಪ್ಪು ಮಾಡೀನ್ರಿ? ಹೇಳ್ರಿ, ತಿದ್ಕೋತೀನಿ.”

ಉಸ್ತಾದರು ಚಹಾದ ಬಸಿ ಎತ್ತಿಕೊಂಡರು. “ನನ್ನೇನ್ ಕೇಳ್ತಿಲೇ ಮಸರಕಲ್? ಗಾಡಿನ್ನ ಕೇಳು.”

ಸುತ್ತಲಿದ್ದವರೆಲ್ಲ ನಕ್ಕರು. ಆ ಮಾತು ಗ್ಯಾರೇಜಿನಲ್ಲಿ ಗಾದೆಯಾಗಿತ್ತು. ಯಾರು ಏನು ಕೇಳಿದರೂ ಅದೇ ಉತ್ತರ. ತಪ್ಪು ಮಾಡಿದೆ ಎನ್ನುತ್ತಿದ್ದರು, ಯಾವ ತಪ್ಪು ಎಂದು ಎಂದೂ ಹೇಳುತ್ತಿರಲಿಲ್ಲ. ಹೇಳಿದರೆ ನಾಲಿಗೆ ಸವೆಯುತ್ತಿತ್ತೇ? ಒಬ್ಬನನ್ನು ಕತ್ತಲೆ ಕೋಣೆಗೆ ತಳ್ಳಿ, ಬಾಗಿಲು ಹುಡುಕು ಎಂದು ಹೊರಗೆ ನಿಂತು ನಗುವವರನ್ನು ಏನೆನ್ನಬೇಕೋ ನನಗೆ ತಿಳಿಯದು. ಇಷ್ಟು ಸಿಟ್ಟಿದ್ದರೂ ಅವರ ವಿಷಯಕ್ಕೆ ಬಹುವಚನ ಬಿಡಲು ನನ್ನ ಕೈಲಿ ಆಗಿಲ್ಲ ನೋಡಿ. ಅಂಥ ಮನುಷ್ಯ ಅವರು.

ಅಂದಿನಿಂದ ನಾನು ಗಾಡಿಯನ್ನು ಬಸುರಿ ಹೆಂಗಸನ್ನು ಕರೆದೊಯ್ಯುವಂತೆ ಓಡಿಸಿದೆ. ಗೇರು ಬದಲಿಸುವುದನ್ನು ತಿದ್ದಿಕೊಂಡೆ, ಬ್ರೇಕು ಒತ್ತುವುದನ್ನು ತಿದ್ದಿಕೊಂಡೆ, ವೇಗ ಇಳಿಸಿದೆ. ತಪ್ಪು ಯಾವುದೆಂದು ಗೊತ್ತಿಲ್ಲದವನು ಎಲ್ಲವನ್ನೂ ತಿದ್ದಿಕೊಳ್ಳಬೇಕಾಗುತ್ತದೆ. ಕ್ಲಚ್ ಪ್ಲೇಟು ಮಾತ್ರ ಬೇರೆಯವರದಕ್ಕಿಂತ ಬೇಗ ಸವೆಯುತ್ತಲೇ ಇತ್ತು. ಅದು ದೇವದುರ್ಗದ ರಸ್ತೆಯ ತಪ್ಪು ಎಂದುಕೊಂಡೆ.

ಎರಡು ವರ್ಷದ ಮೇಲೆ ಗಾಡಿ ಮುಗ್ಗರಿಸತೊಡಗಿತು. ಮತ್ತೆ ರಾಯಚೂರು, ಮತ್ತೆ ಬೇವಿನ ಮರ. ಆ ದಿನ ಕೊಟ್ನೆಕಲ್ ಕೂಡ ಜೊತೆಗಿದ್ದ. ಉಸ್ತಾದರು ಕಣ್ಣು ಮುಚ್ಚಿ ಕೂತರು. ಯಾವತ್ತಿಗಿಂತ ಹೆಚ್ಚು ಹೊತ್ತು ಕೂತರು. ಎದ್ದು ಬಂದವರು ಬಲಗೈಯನ್ನು ಬಾನೆಟ್ಟಿನ ಮೇಲೆ ಇಟ್ಟರು. ಗಾಡಿ ಮುಟ್ಟುವ ಅಭ್ಯಾಸವೇ ಇಲ್ಲದ ಮನುಷ್ಯ! ಅಂಗೈ ಹಾಗೇ ಇಟ್ಟುಕೊಂಡು ನಿಂತರು, ಜ್ವರ ನೋಡುವವರ ಹಾಗೆ. ಆಮೇಲೆ ಏಳು ಬರೆದರು.

ನಾನು ಗಾಡಿ ತಿರುಗಿಸಿದೆ. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು.

ವಾಪಸು ಹೊರಟರೆ ಕಲ್ಮಲದ ಹತ್ತಿರ ಗಾಡಿ ನಿಂತೇ ಬಿಟ್ಟಿತು. ಕೊಟ್ನೆಕಲ್ ಇಳಿದು ಪ್ಲಗ್ಗುಗಳನ್ನು ಬಿಚ್ಚಿದ. ಒಂದು ಪ್ಲಗ್ಗು ಕರ್ರಗಾಗಿ ಸೀಳು ಬಿಟ್ಟಿತ್ತು. ಬೇರೆ ಹಾಕಿದ. ಗಾಡಿ ಹೊಸ ಗಾಡಿಯಂತೆ ಎದ್ದಿತು. ಕೊಟ್ನೆಕಲ್ ಆ ಪ್ಲಗ್ಗನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

“ಇದು ಎರಡನೇ ನಂಬರಲೇ. ಸಣ್ಣ ಹುಡುಗ ಕೇಳಿದ್ರೂ ಗೊತ್ತಾಗ್ತದ. ಉಸ್ತಾದ್ ಏಳು ಹ್ಯಾಂಗ ಬರದ?”

ಸಾಹೇಬರ ಮುಂದೆ ಆ ಪ್ಲಗ್ಗನ್ನು ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. “ಅವರ ಕಿವಿ ಸುಳ್ಳು ಹೇಳಲ್ಲಯ್ಯ. ನೀನು ಹೇಳ್ತೀಯ,” ಎಂದು ಲಾಗ್ ಬುಕ್ಕಿನಲ್ಲಿ ಎರಡನೇ ಏಳು ಬರೆದರು. ಕೆಂಪು ಶಾಯಿ ಒಣಗಲು ಹೊತ್ತು ಹಿಡಿಯಿತು, ನಾನು ಅಲ್ಲೇ ನಿಂತು ನೋಡಿದೆ.

ಆ ವರ್ಷ ಏಳುಗಳದೇ ಸುಗ್ಗಿ. ಯಾವ ಗಾಡಿ ಹೋದರೂ ಏಳು. ಗಬ್ಬೂರಿನ ಒಬ್ಬ ಡ್ರೈವರಿಗೆ ಮೂರನೆಯದೂ ಬಿತ್ತು. ಅವನು ಈಗಲೂ ಹತ್ತಿ ಮಿಲ್ಲಿನಲ್ಲಿ ಅಂಡಿಗೆ ಹೊರುತ್ತಾನೆ. ನಾನು, ಕೊಟ್ನೆಕಲ್ ಇಬ್ಬರೂ ಕೂತು ಯೋಚಿಸಿದೆವು. ಯೋಚಿಸಿದಷ್ಟೂ ಒಂದು ವಿಷಯ ಸ್ಪಷ್ಟವಾಗತೊಡಗಿತು. ಒಂದರಿಂದ ಆರರವರೆಗೆ ಯಾವ ಅಂಕಿ ಬರೆದರೂ ಫಿಟ್ಟರ್ ಸ್ಪ್ಯಾನರ್ ಹಿಡಿದು ಬಿಚ್ಚಿ ನೋಡುತ್ತಾನೆ, ತಪ್ಪಿದ್ದರೆ ಗೊತ್ತಾಗುತ್ತದೆ. ಏಳನ್ನು ಬಿಚ್ಚಿ ನೋಡುವ ಸ್ಪ್ಯಾನರ್ ಎಲ್ಲಿದೆ?

ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಕೊಟ್ನೆಕಲ್ ಒಂದು ಕೆಲಸ ಮಾಡಿದ. ಉಸ್ತಾದರು ಡಬ್ಬಿಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಅವರ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ಜಾಕಿನ ಕಬ್ಬಿಣದ ರಾಡನ್ನು ಎದೆಯ ಎತ್ತರದಿಂದ ಬಂಡೆಗಲ್ಲಿನ ಮೇಲೆ ಬಿಟ್ಟ. ಅಂಗಳದಲ್ಲಿ ಮಲಗಿದ್ದ ನಾಯಿ ಹೌಹಾರಿ ಗೇಟು ದಾಟಿ ಓಡಿತು. ಫಿಟ್ಟರುಗಳು ತಿರುಗಿ ಬೈದರು. ಉಸ್ತಾದರ ಬಸಿಯಲ್ಲಿದ್ದ ಚಹಾ ಅಲುಗಲಿಲ್ಲ. ಅವರು ಊದುತ್ತಲೇ ಇದ್ದರು.

ಮೂವತ್ತು ವರ್ಷ ಎಂಜಿನ್ನುಗಳ ಮುಂದೆ ಕೂತ ಕಿವಿ ಹೋಗಿತ್ತು. ಯಾವಾಗ ಹೋಯಿತೋ ಯಾರಿಗೂ ಗೊತ್ತಿಲ್ಲ. ಕಣ್ಣು ಮುಚ್ಚುವ ಅಭ್ಯಾಸ, ಡ್ರೈವರ್ ಮಾತಾಡಬಾರದೆಂಬ ನಿಯಮ, ‘ಗಾಡಿನ್ನ ಕೇಳು’ ಎಂಬ ಉತ್ತರ, ಎಲ್ಲವೂ ಮೊದಲಿನಿಂದ ಇದ್ದವೇ. ಕಿವುಡನಿಗೆ ಅದಕ್ಕಿಂತ ಒಳ್ಳೆಯ ಮುಸುಕು ಬೇಕೇ?

ನನ್ನ ಎದೆಯೊಳಗೆ ಆ ಕ್ಷಣ ಬಂದದ್ದು ಕನಿಕರ ಎಂದು ಬರೆಯಬಹುದು, ಓದುವವರಿಗೆ ಹಿತವಾಗಿರುತ್ತದೆ. ಬಂದದ್ದು ಖುಷಿ. ಶುದ್ಧ ಖುಷಿ.

ಕೊಟ್ನೆಕಲ್‌ಗೆ ಅಷ್ಟು ಖುಷಿ ಆಗಲಿಲ್ಲ. “ಸಾಹೇಬ್ರಿಗೆ ಒಳಗ ಕೂಡ್ಸಿ ಹೇಳೂಣು,” ಎಂದ. “ಇಲ್ಲಾ ಉಸ್ತಾದಗ ನಾವಽ ಹೇಳೂಣು, ನಿನ್ನ ಕಿವಿ ಹೋಗ್ಯಾವ, ಏಳು ಬರೀಬ್ಯಾಡ ಅಂತ. ಮಂದ್ಯಾಗ ಮುದುಕನ ಮಾನ ತಗೀಬ್ಯಾಡೋ.”

“ನನ್ನ ಮಾನ ಎಲ್ಲಿ ಹೋಗಿತ್ತು? ಮಂದ್ಯಾಗಽ ಹೋಗಿತ್ತು,” ಎಂದೆ.

ಕೊನೆಗೆ ಅವನಿಗೆ ಗೆಳೆಯನ ನೌಕರಿ ಮುಖ್ಯ ಎನಿಸಿರಬೇಕು, ಒಪ್ಪಿದ.

ಮುಂಗಾರಿಗೆ ಮೊದಲು ಎಲ್ಲ ಜೀಪುಗಳನ್ನು ಗ್ಯಾರೇಜಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿಸುವ ಪದ್ಧತಿ ಇತ್ತು. ಸಾಹೇಬರು ಖುದ್ದು ಬರುತ್ತಿದ್ದರು. ಬೇವಿನ ನೆರಳಿನಲ್ಲಿ ಅವರಿಗೆ ಕುರ್ಚಿ, ತೊಡೆಯ ಮೇಲೆ ಲಾಗ್ ಬುಕ್ಕುಗಳು, ಕೆಂಪು ಶಾಯಿಯ ಪೆನ್ನು. ನನ್ನ ಜೀಪಿನ ಹಿಂದೆ ಕೊಟ್ನೆಕಲ್ ತನ್ನ ಜೀಪನ್ನು ತಂದು ನಿಲ್ಲಿಸಿದ. ಅವನ ಮುಂದಿನ ಬಂಪರು ನನ್ನ ಹಿಂದಿನ ಬಂಪರಿಗೆ ಗಟ್ಟಿಯಾಗಿ ಒತ್ತಿಕೊಳ್ಳುವಂತೆ ನಿಲ್ಲಿಸಿದ. ಅವನ ಎಂಜಿನ್ ಚಾಲೂ ಇತ್ತು. ನನ್ನ ಸರದಿ ಬಂದಾಗ ನಾನು ಸೀಟಿನಲ್ಲಿ ಕೂತು, ಬೀಗದ ಕೈ ತಿರುವಿದವನಂತೆ ಮಾಡಿ, ತಿರುವದೆ ಕೂತೆ.

ನನ್ನ ಎಂಜಿನ್ ಸತ್ತಿತ್ತು. ಸದ್ದು ಹಿಂದಿನ ಗಾಡಿಯದು. ಬಾನೆಟ್ಟಿನ ಹತ್ತಿರ ನಿಂತು ಕೇಳಿದರೆ ಕಿವಿ ಇದ್ದ ಯಾರಿಗಾದರೂ ತಿಳಿಯುತ್ತಿತ್ತು.

ಉಸ್ತಾದರು ಕಣ್ಣು ಮುಚ್ಚಿ ಕೂತರು. ಬಿಸಿಲು ಆಗಲೇ ಏರಿತ್ತು, ಅವರ ಹಣೆಯಲ್ಲಿ ಬೆವರು ಕಾಣಿಸಿತು. ಎದ್ದು ಬಂದರು. ಬಲ ಅಂಗೈಯನ್ನು ಬಾನೆಟ್ಟಿನ ಮೇಲೆ ಇಟ್ಟರು. ಹಿಂದಿನ ಎಂಜಿನ್ನಿನ ನಡುಕ ಬಂಪರಿನಿಂದ ಹಾದು ಮುಂದೆ ಬರುತ್ತಿತ್ತು. ಅಂಗೈಗೆ ನಡುಕ ಸಿಕ್ಕಿತು, ಅದರಲ್ಲಿ ಯಾವ ಅಂಕಿ ಇದೆ ಎಂದು ಸಿಗಲಿಲ್ಲ. ಗಾಜಿನ ಈಚೆಯಿಂದ ನಾನು ಆ ಮುಖವನ್ನು ಹತ್ತಿರದಿಂದ ನೋಡಿದೆ. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗನ ಮುಖ. ಆಗಲಾದರೂ ನಾನು ಆ ಆಟ ನಿಲ್ಲಿಸಬಹುದಿತ್ತು. ಕಿವಿಯ ಮೇಲಿನಿಂದ ಸೀಮೆಸುಣ್ಣ ತೆಗೆದರು, ಏಳು ಬರೆದರು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

“ಸಾಹೇಬ್ರ, ಒಂದ್ ನಿಮಿಷ ಬರ್ರಿ,” ಎಂದು ನಾನು ಇಳಿದೆ. ಬಾನೆಟ್ಟು ಎತ್ತಿ ಹಿಡಿದೆ. ಫ್ಯಾನು ನಿಂತಿತ್ತು. ಅದರ ರೆಕ್ಕೆಯ ಮೇಲೆ ಒಂದು ನೊಣ ಕೂತಿತ್ತು. ಬೀಗದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದೆ. “ನನ್ನ ಗಾಡಿ ಚಾಲೂ ಇಲ್ರಿ. ಸಾಲಿನ್ಯಾಗ ನಿಲ್ಲಿಸಿದ ಮ್ಯಾಲ ಚಾಲೂನಽ ಮಾಡಿಲ್ಲ. ಉಸ್ತಾದ್ ಸತ್ತ ಎಂಜಿನ್ನಿನ ಸಪ್ಪಳ ಕೇಳಿ ಏಳು ಬರದಾರ.”

ಸಾಹೇಬರು ಫ್ಯಾನು ನೋಡಿದರು, ಹಿಂದಿನ ಜೀಪು ನೋಡಿದರು, ಉಸ್ತಾದರನ್ನು ನೋಡಿದರು. ಒಮ್ಮೆ ಕೆಮ್ಮಿದರು. ಆಮೇಲೆ ನಕ್ಕರು. ಸಾಹೇಬರು ನಕ್ಕ ಮೇಲೆ ಎಲ್ಲರಿಗೂ ಪರವಾನಗಿ ಸಿಕ್ಕಂತಾಯಿತು. ಏಳು ಬಿದ್ದವರು, ಬೀಳದವರು, ಅವರ ಕೈಯಲ್ಲಿ ಕಲಿತ ಫಿಟ್ಟರುಗಳು, ಎಲ್ಲರೂ ನಕ್ಕರು. ಕೊಟ್ನೆಕಲ್ ಮಾತ್ರ ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡಿದ್ದ.

ಉಸ್ತಾದರಿಗೆ ನಗೆ ಕೇಳಿಸಲಿಲ್ಲ, ಕಾಣಿಸಿತು. ಒಬ್ಬೊಬ್ಬರ ಬಾಯಿ ನೋಡುತ್ತ ಬಂದರು. ನಗುವ ಬಾಯಿಯಲ್ಲಿ ಅವರಿಗೆ ಓದಲು ಏನೂ ಇರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು.

“ಏನಾತು? ಯಾಕ ನಗಾಕತ್ತಾರ ಇವರು?”

ಎರಡು ವರ್ಷಕ್ಕೂ ಹೆಚ್ಚು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು ಸಿದ್ಧವಾಗಿತ್ತು. “ನನ್ನೇನ್ ಕೇಳ್ತೀರಿ? ಗಾಡಿನ್ನ ಕೇಳ್ರಿ.”

“ಆಂ?” ಎಂದು ಅವರು ಕಿವಿಯನ್ನು ಮುಂದೆ ತಂದರು. ಅಂಚು ಬೆಳ್ಳಗಿದ್ದ ಆ ಕಿವಿ. ನಾನು ಅದರೊಳಗೆ ಬಾಯಿಟ್ಟು ಎರಡನೇ ಸಲ ಕಿರುಚಿ ಹೇಳಿದೆ. ನಗೆ ಮೊದಲಿಗಿಂತ ಜೋರಾಯಿತು.

ಆಗ ಅವರು ಫ್ಯಾನು ನೋಡಿದರು. ಕೈ ಚಾಚಿ ಒಂದು ಬೆರಳಿನಿಂದ ರೆಕ್ಕೆಯನ್ನು ತುಸು ತಳ್ಳಿದರು. ನೊಣ ಹಾರಿತು. ಬೆರಳಿಗೆ ಹತ್ತಿದ ಎಣ್ಣೆಯನ್ನು, ಆ ಮನುಷ್ಯ, ತಮ್ಮ ಬಿಳಿ ಅಂಗಿಗೇ ಒರೆಸಿಕೊಂಡರು. ಸೀಮೆಸುಣ್ಣದ ತುಂಡನ್ನು ರೇಡಿಯೇಟರಿನ ಮೇಲೆ ಇಟ್ಟು ಗೇಟು ದಾಟಿ ಹೋದರು. ಡಬ್ಬಿಯ ಪಕ್ಕದಲ್ಲಿ ಅರ್ಧ ಚಹಾ ಉಳಿದಿತ್ತು.

ಸಾಹೇಬರು ಲಾಗ್ ಬುಕ್ಕುಗಳಲ್ಲಿದ್ದ ಏಳುಗಳನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದು ಹಾಕಿದರು. ನನ್ನ ಎರಡೂ ಹೋದವು. ಮರುವರ್ಷ ನನ್ನ ನೌಕರಿ ಖಾಯಂ ಆಯಿತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಕಟ್ಟೆಯ ಮುಂದೆ ಒಂದು ಬಾರಿ ಬೇಕೆಂದೇ ಹಾರ್ನ್ ಹೊಡೆದು ಹೋದೆ. ಉಸ್ತಾದರ ಕಥೆಯನ್ನು ಎಲ್ಲಿ ನಾಲ್ಕು ಡ್ರೈವರುಗಳು ಕೂಡಿದರೂ ಹೇಳಿದೆ. ನೊಣದ ವಿಷಯಕ್ಕೆ ಬಂದಾಗ ಜನ ಬಿದ್ದು ಬಿದ್ದು ನಗುತ್ತಿದ್ದರು. ಗಬ್ಬೂರಿನವನನ್ನು ಮಾತ್ರ ಯಾರೂ ಮರಳಿ ಕರೆಯಲಿಲ್ಲ, ಕರೆಯಿರಿ ಎಂದು ನಾನೂ ಕೇಳಲಿಲ್ಲ.

ನಾಲ್ಕೈದು ವರ್ಷ ಕಳೆದಿರಬೇಕು. ಕಚೇರಿ ಕೆಲಸಕ್ಕೆ ಹೊಸ ಸಾಹೇಬರನ್ನು ಮಾನ್ವಿಗೆ ಕರೆದುಕೊಂಡು ಹೋಗಿದ್ದೆ. ಊರ ಬಾಯಿಯಲ್ಲೇ ಗಾಲಿ ಪಂಕ್ಚರ್ ಆಯಿತು. ಸಾಹೇಬರು ಎದುರಿನ ಹೋಟೆಲಿಗೆ ಹೋದರು. ಪಂಕ್ಚರ್ ಅಂಗಡಿ ಎಂದರೆ ನಾಲ್ಕು ಕಂಬದ ಮೇಲೆ ಒಂದು ಗೋಣಿತಟ್ಟು, ಮುಂದೆ ನೀರಿನ ಬಾನಿ. ಬಾನಿಯ ಮುಂದೆ ಕೂತು ಟ್ಯೂಬನ್ನು ನೀರಿನಲ್ಲಿ ಅದ್ದುತ್ತಿದ್ದ ಮುದುಕನನ್ನು ಮೊದಲು ಗುರುತಿಸಲಿಲ್ಲ. ಅಂಗಿ ಯಾವ ಬಣ್ಣದ್ದೆಂದು ಹೇಳಲಾಗದಷ್ಟು ಕಪ್ಪಾಗಿತ್ತು, ಮೊಣಕೈವರೆಗೆ ರಬ್ಬರಿನ ಕರೆ. ಪಂಕ್ಚರ್ ಕೆಲಸಕ್ಕೆ ಕಿವಿ ಬೇಡ. ನೀರಿನಲ್ಲಿ ಗುಳ್ಳೆ ಕಂಡರೆ ಸಾಕು.

ಅವರು ನನ್ನನ್ನು ಗುರುತಿಸಿದರು. ಮುಖ ಎತ್ತಿ ಒಂದು ಸಲ ನೋಡಿದರು, ಮತ್ತೆ ಗುಳ್ಳೆ ಹುಡುಕಿದರು. ತೂತು ಮುಚ್ಚಿದರು, ಗಾಳಿ ತುಂಬಿದರು, ಗಾಲಿ ಕೂಡಿಸಿದರು. ನಾನು ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದೆ. ಓಡಿ ಹೋಗಿಬಿಡಬೇಕೆನಿಸಿತ್ತು, ಆದರೆ ಸಾಹೇಬರು ಇನ್ನೂ ಹೋಟೆಲಿನಲ್ಲಿದ್ದರು.

ಉಸ್ತಾದರು ಗಾಡಿಯ ಮುಂದೆ ಬಂದು ನಿಂತರು. ಒದ್ದೆ ಅಂಗೈಯನ್ನು ಬಾನೆಟ್ಟಿನ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಈ ಸಲ ಮುಖದಲ್ಲಿ ಗಾಬರಿ ಇರಲಿಲ್ಲ. ಒಂದು ಬಸಿ ಚಹಾ ಕುಡಿಯುವಷ್ಟು ಹೊತ್ತು ಹಾಗೇ ನಿಂತರು. ಆಮೇಲೆ ಧೂಳಿನ ಮೇಲೆ ಒದ್ದೆ ಬೆರಳಿನಿಂದ ಏಳು ಬರೆದರು. ನಡೆದು ನನ್ನ ಬಾಗಿಲ ಬಳಿ ಬಂದು, ಒಳಗೆ ಬಗ್ಗಿ, ಕೆಳಗೆ ಬೆರಳು ಮಾಡಿದರು.

“ಎಡಗಾಲು ಕ್ಲಚ್ಚಿನ ಮ್ಯಾಲಿಂದ ತಗಿ.”

ನೋಡಿದೆ. ಗಾಡಿ ನಿಂತಿತ್ತು, ಗೇರು ಬಿದ್ದಿರಲಿಲ್ಲ, ಕ್ಲಚ್ಚಿನ ಮೇಲೆ ಕಾಲಿಡಲು ಯಾವ ಕಾರಣವೂ ಇರಲಿಲ್ಲ. ನನ್ನ ಎಡಗಾಲು ಅದರ ಮೇಲಿತ್ತು. ಹಗುರಾಗಿ, ನನಗೇ ಗೊತ್ತಾಗದಷ್ಟು ಹಗುರಾಗಿ. ಆ ಕಾಲು ಅಲ್ಲಿ ಯಾಕಿರುತ್ತಿತ್ತೆಂದು ಈಗ ಹೇಳಬಲ್ಲೆ. ಯಾರಾದರೂ ಯಾವಾಗಲಾದರೂ ‘ಲೇ, ನಿಲ್ಲಿಸು’ ಎಂದಾರು ಎಂಬ ಹೆದರಿಕೆ ನನಗೆ ಮೊದಲ ದಿನದಿಂದಲೂ ಇತ್ತು. ಕಟ್ಟೆಯ ಮುಂದೆ ಹೋಗುವಾಗಲೂ ಇತ್ತು, ಖಾಯಂ ಆದ ಮೇಲೂ ಹೋಗಿರಲಿಲ್ಲ. ನಿಲ್ಲಿಸಲು ಸಿದ್ಧವಾಗಿಯೇ ಓಡಿಸುತ್ತಿದ್ದೆ. ಪ್ಲೇಟುಗಳನ್ನು ತಿಂದದ್ದು ದೇವದುರ್ಗದ ರಸ್ತೆಯಲ್ಲ, ಕ್ಲಚ್ಚಿನ ಮೇಲೆ ಸದಾ ಕೂತಿದ್ದ ಆ ಕಾಲು.

ಎರಡನೇ ಏಳು ಸುಳ್ಳು, ಮೂರನೆಯದು ಸುಳ್ಳು. ಮೊದಲನೆಯದು ನಿಜವಿತ್ತು. ಸಾಹೇಬರು ಅದನ್ನೂ ಹೊಡೆದು ಹಾಕಿದ್ದರು.

“ಅವತ್ತ ಯಾಕ ಹೇಳ್ಲಿಲ್ರಿ?” ಎಂದು ಕೂಗಿದೆ. ತುಟಿ ಕಾಣುವಂತೆ ನಿಧಾನವಾಗಿ ಇನ್ನೊಮ್ಮೆ ಕೂಗಿದೆ. “ಒಂದ್ ಮಾತು ಹೇಳಿದ್ರ ಏನಾಕ್ಕಿತ್ತು ನಿಮಗ?”

ಅವರು ನನ್ನ ತುಟಿ ನೋಡಿದರು. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ನಮ್ಮ ಸಾಹೇಬರು ಹೊರಗೆ ಬಂದರು. ಉಸ್ತಾದರ ಕಣ್ಣು ಅತ್ತ ಹೊರಳಿತು. ಸರಸರನೆ ಗಾಡಿಯ ಮುಂದೆ ಹೋದರು. ಅಂಗಿಯ ತೋಳು ಎಳೆದುಕೊಂಡು ಬಾನೆಟ್ಟಿನ ಮೇಲಿನ ಏಳನ್ನು ಒರೆಸಿದರು. ಧೂಳಿನಲ್ಲಿ ಅದರ ಗುರುತೂ ಉಳಿಯದಂತೆ ಎರಡೆರಡು ಸಲ ಒರೆಸಿದರು.

“ಹೋಗಿನ್ನ,” ಎಂದರು. “ಸಾಹೇಬ್ರು ನೋಡ್ಯಾರು.”

ಕ್ಲಚ್ಚಿನಿಂದ ಕಾಲು ತೆಗೆದು ಪಕ್ಕಕ್ಕಿಟ್ಟೆ. ಸಾಹೇಬರು ಹತ್ತಿ ಕೂತರು, ಗಾಡಿ ಬಿಟ್ಟೆ. ಊರು ದಾಟಿ ಅರ್ಧ ಮೈಲಿ ಹೋದ ಮೇಲೆ ಕೆಳಗೆ ನೋಡಿಕೊಂಡರೆ, ಕಾಲು ಮತ್ತೆ ಅಲ್ಲೇ ಬಂದು ಕೂತಿತ್ತು.